ಬಣ್ಣದೆಲೆಯ ಬೇಲಿಗೆ ಕತ್ತರಿಯಷ್ಟೇ ಸಾಲದು

ಬೆಂಡೆ ಹೊಲದಲ್ಲಿ ಒಂದು ಗಿಡದ ಎಲೆನರ ಹಳದಿಗೆ ತಿರುಗಿತೆಂದರೆ ರೈತನ ಎದೆ ಧಸಕ್ಕೆನ್ನುತ್ತದೆ. ಅದು ಬಿಳಿ ನೊಣ ಹೊತ್ತು ತಂದ ನಂಜು. ಆ ಗಿಡವನ್ನು ಬೇರುಸಹಿತ ಕಿತ್ತು ಸುಡದಿದ್ದರೆ ಪಕ್ಕದ ಸಾಲಿಗೂ ಹಬ್ಬುತ್ತದೆ. ಹೆಸರು, ಉದ್ದು, ಅಲಸಂದೆ ಬೆಳೆಯುವವರಿಗೂ ಎಲೆಯ ಮೇಲಿನ ಹಳದಿ ಮಚ್ಚೆ ನಷ್ಟದ ಮುನ್ಸೂಚನೆಯೇ. ಅದೇ ರೈತ ಪೇಟೆಗೆ ಬಂದು ನರ್ಸರಿಯೊಂದರ ಮುಂದೆ ನಿಂತರೆ, ಅಂಚು ಬಿಳಿಚಿಕೊಂಡ, ಮೈತುಂಬ ಹಳದಿ ಚುಕ್ಕೆ ಹೊತ್ತ ಗಿಡಕ್ಕೆ ಹಸಿರು ಗಿಡಕ್ಕಿಂತ ಹೆಚ್ಚು ಬೆಲೆ ಹೇಳುವುದನ್ನು ಕೇಳುತ್ತಾನೆ. ಕಾರಣ ಬೇರೆ ಬೇರೆ ಇರಬಹುದು, ಆದರೆ ಎರಡೂ ಎಲೆಗಳಲ್ಲಿ ಕಡಿಮೆಯಾಗಿರುವುದು ಪತ್ರಹರಿತ್ತು, ಅಂದರೆ ಬಿಸಿಲನ್ನು ಅನ್ನ ಮಾಡುವ ಹಸಿರು. ನೋಡುವವರಿಗೆ ಅದು ಚೆಂದವಾಗಿ ಕಂಡರೂ ಗಿಡದ ಪಾಲಿಗೆ ಕೊರತೆಯೇ. ಮನೆಯಂಗಳದಲ್ಲಿ ಬಣ್ಣದೆಲೆಯ ಬೇಲಿ ಎಬ್ಬಿಸಲು ಹೊರಟವರು ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮುಂದೆ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಂದಲೇ.

ಹೊಲದಂಚಿನ ಕಳ್ಳಿ, ಕತ್ತಾಳೆ, ಆಡುಸೋಗೆ, ಲಕ್ಕಿ, ಗೊಬ್ಬರದ ಗಿಡಗಳು ದುಡಿಯುವ ಬೇಲಿಗಳು. ದನ ತಡೆಯುತ್ತವೆ, ಸೊಪ್ಪು ಕೊಡುತ್ತವೆ, ಮದ್ದಿಗೂ ಆಗುತ್ತವೆ. ಊರೊಳಗಿನ ಬೇಲಿಯಿಂದ ನಾವು ಕೇಳುವುದು ಬೇರೆ. ಕಾಂಪೌಂಡಿನ ಸಿಮೆಂಟು ಮರೆಯಾಗಬೇಕು, ರಸ್ತೆಯ ದೂಳು ಒಳಗೆ ಬರಬಾರದು, ವರ್ಷವಿಡೀ ಎಲೆ ಉದುರಬಾರದು, ಹೂವಿಲ್ಲದ ತಿಂಗಳಲ್ಲೂ ಬಣ್ಣ ಕಾಣಬೇಕು. ಇಷ್ಟೂ ಆಸೆಗಳನ್ನು ಒಟ್ಟಿಗೆ ತೀರಿಸುತ್ತವೆ ಎಂಬ ನಂಬಿಕೆಯಿಂದ, ನರ್ಸರಿಯವರು ‘ವೆರಿಗೇಟೆಡ್’ ಎಂದು ಮಾರುವ ನಿತ್ಯಹಸಿರು ಪೊದೆಗಳನ್ನು ಸಾಲಾಗಿ ನೆಡುತ್ತೇವೆ. ಬೆಂಗಳೂರಿನ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿ ಸಾಲಿನಲ್ಲಿ ಅಡ್ಡಾಡಿದರೆ ಡುರಾಂಟಾ, ಅರೇಲಿಯಾ, ಕ್ರೋಟನ್, ಅಕ್ಯಾಲಿಫಾ, ಶೆಫ್ಲೆರಾ ಎಂದು ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ರಾಶಿ ರಾಶಿ ಸಿಗುತ್ತವೆ. ತಂದು ನೆಟ್ಟ ಮೊದಲ ಎರಡು ವರ್ಷ ಬೇಲಿ ಕಣ್ಣು ಕುಕ್ಕುವಂತೆ ಇರುತ್ತದೆ. ಆಮೇಲೆ ನೋಡಿದರೆ ನಡುವೆ ಒಂದು ಮಾರುದ್ದ ಬರೀ ಹಸಿರಾಗಿರುತ್ತದೆ, ಬುಡ ಬೋಳಾಗಿರುತ್ತದೆ, ಪಡುವಣ ಮಗ್ಗುಲಿನ ಎಲೆಗಳು ಸುಟ್ಟ ಕಾಗದದಂತಾಗಿರುತ್ತವೆ. ಗೊಬ್ಬರ ಸಾಲಲಿಲ್ಲ, ನರ್ಸರಿಯವನು ಮೋಸ ಮಾಡಿದ ಎಂದು ದೂರುವವರೇ ಹೆಚ್ಚು. ಗಿಡದೊಳಗೆ ಏನು ನಡೆಯುತ್ತಿದೆ ಎಂಬುದು ತಿಳಿದರೆ ಈ ಮೂರಕ್ಕೂ ಕಾರಣ ಸಿಗುತ್ತದೆ.

ಬಿಳಿ ಅಂಚಿನ ಅರೇಲಿಯಾದ್ದೋ ಬಿಳಿ ಮಿಶ್ರಿತ ಫೈಕಸ್‌ದೋ ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದು ನೋಡಿ. ಅದರಲ್ಲಿ ಇರುವುದು ಎರಡೇ ಬಣ್ಣವಲ್ಲ. ಅಂಚು ಕೆನೆಬಿಳಿ. ನಡುವೆ ಅಲ್ಲಲ್ಲಿ ಕಡುಹಸಿರು. ಇವೆರಡರ ಮಧ್ಯೆ ಬೂದಿ ಬೆರೆಸಿದಂಥ ಮಾಸಲು ಹಸಿರು. ಈ ಮೂರನೇ ಬಣ್ಣವೇ ಎಲೆಯ ರಚನೆಯನ್ನು ಹೊರಗೆಡಹುತ್ತದೆ. ಗಿಡದ ಬೆಳೆಯುವ ತುದಿಯಲ್ಲಿ ಜೀವಕೋಶಗಳು ಪದರ ಪದರವಾಗಿ ಕೂತಿರುತ್ತವೆ. ಮೊದಲ ಪದರದಿಂದ ಎಲೆಯ ತೆಳು ಸಿಪ್ಪೆ ಮೂಡುತ್ತದೆ. ಅದರಲ್ಲಿ ಹೇಗೂ ಹಸಿರು ತೀರಾ ಕಡಿಮೆ. ಎರಡನೆಯ ಪದರದಿಂದ ಎಲೆಯ ಅಂಚು ಮತ್ತು ಸಿಪ್ಪೆಯ ಒಳಗಿನ ತಿರುಳು. ಮೂರನೆಯದರಿಂದ ನಡುವಿನ ಒಳತಿರುಳು. ಎಂದೋ ಒಮ್ಮೆ ಎರಡನೆಯ ಪದರದ ಒಂದು ಜೀವಕೋಶ ಹಸಿರು ಮಾಡುವ ಶಕ್ತಿ ಕಳೆದುಕೊಂಡು, ಅದರ ಸಂತತಿ ಆ ಪದರವನ್ನೆಲ್ಲ ತುಂಬಿಕೊಂಡರೆ, ದಿಂಬಿಗೆ ಬಿಳಿ ಗವುಸು ಹಾಕಿದ ಹಾಗೆ ಹಸಿರು ಮೈಯ ಮೇಲೆ ಬಿಳಿ ಪದರವೊಂದು ಹೊದ್ದುಕೊಳ್ಳುತ್ತದೆ. ಅಂಚಿನಲ್ಲಿ ಒಳಗೆ ಹಸಿರಿಲ್ಲ, ಆದ್ದರಿಂದ ಬಿಳಿ. ನಡುವೆ ಬಿಳಿಯ ಹಿಂದಿನಿಂದ ಹಸಿರು ಇಣುಕುತ್ತದೆ, ಆದ್ದರಿಂದ ಬೂದುಹಸಿರು. ಮೂರನೆಯ ಪದರವೇ ಬಿಳಿಯಾದರೆ ಎಲ್ಲ ತಿರುವುಮುರುವಾಗಿ, ಹಸಿರು ಅಂಚಿನ ಬಿಳಿನಡುವಿನ ಎಲೆ ಬರುತ್ತದೆ. ಒಂದೇ ಗಿಡದಲ್ಲಿ ಎರಡು ಬಗೆಯ ಜೀವಕೋಶಗಳು ಹೀಗೆ ಒಕ್ಕಲಿರುವುದನ್ನು ಜರ್ಮನಿಯ ಎರ್ವಿನ್ ಬೌರ್ 1909ರಲ್ಲಿ ಜೆರೇನಿಯಂ ಗಿಡಗಳ ಮೇಲೆ ಕೆಲಸ ಮಾಡಿ ಬಿಡಿಸಿ ಹೇಳಿದರು.

ಅದೇ 1909ರಲ್ಲಿ ಇನ್ನೊಬ್ಬ ಜರ್ಮನ್ ವಿಜ್ಞಾನಿ ಕಾರ್ಲ್ ಕೊರೆನ್ಸ್ ನಮ್ಮ ಹಿತ್ತಲುಗಳಲ್ಲಿ ತಾನಾಗಿ ಹುಟ್ಟುವ ಸಂಜೆಮಲ್ಲಿಗೆಯನ್ನು ಹಿಡಿದು ಮತ್ತೊಂದು ಗುಟ್ಟು ಬಿಚ್ಚಿದರು. ಅವರು ಆರಿಸಿದ ಗಿಡದಲ್ಲಿ ಹಸಿರು ಕೊಂಬೆ, ಬಿಳಿ ಕೊಂಬೆ, ಮಚ್ಚೆಯ ಕೊಂಬೆ ಮೂರೂ ಇದ್ದವು. ಹಸಿರು ಕೊಂಬೆಯ ಹೂವಿನ ಬೀಜದಿಂದ ಹಸಿರು ಸಸಿ ಬಂತು. ಬಿಳಿ ಕೊಂಬೆಯ ಬೀಜದಿಂದ ಬಿಳಿ ಸಸಿ ಹುಟ್ಟಿ, ಅನ್ನ ಮಾಡಿಕೊಳ್ಳಲಾರದೆ ಸತ್ತಿತು. ಮಚ್ಚೆಯ ಕೊಂಬೆಯ ಬೀಜದಿಂದ ಮೂರೂ ಬಗೆ ಬಂದವು. ಪರಾಗ ಯಾವ ಕೊಂಬೆಯದಾದರೂ ಫಲ ಬದಲಾಗಲಿಲ್ಲ. ಎಲ್ಲವೂ ತಾಯಿ ಕೊಂಬೆಯ ಮೇಲೆಯೇ ನಿಂತಿತ್ತು. ಒಂಬತ್ತು ವರ್ಷ ಹಿಂದೆ ಮೆಂಡೆಲ್‌ನ ಅನುವಂಶಿಕ ನಿಯಮಗಳನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಒಬ್ಬರಾದ ಕೊರೆನ್ಸ್, ಆ ನಿಯಮಗಳಿಗೆ ಒಗ್ಗದ ಸಂಗತಿಯನ್ನು ತಾವೇ ಹುಡುಕಿ ಮುಂದಿಟ್ಟರು ಎನ್ನುವುದು ನನಗೆ ಬಹಳ ಮೆಚ್ಚಿಗೆಯಾದ ವಿಷಯ. ಹಸಿರಿನ ಕಣಗಳಿಗೆ ಅವುಗಳದೇ ಆದ ವಂಶವಾಹಿ ಇದೆ, ಸಂಜೆಮಲ್ಲಿಗೆಯಲ್ಲಿ ಅದು ತಾಯಿಯ ಕಡೆಯಿಂದ ಇಳಿದು ಬರುತ್ತದೆ ಎಂಬುದು ಆಮೇಲೆ ಖಚಿತವಾಯಿತು.

ಬೇಲಿ ಬೆಳೆಸುವವರಿಗೆ ಇದರಿಂದ ಸಿಗುವ ತಿಳಿವಳಿಕೆ ಇಷ್ಟು: ಬಿಳಿ ಅಂಚಿನ ಗಿಡವನ್ನು ಬೀಜದಿಂದ ಮಾಡಿಕೊಳ್ಳುವುದು ಆಗದ ಮಾತು. ಕಡ್ಡಿಯನ್ನೇ ನೆಡಬೇಕು. ಒಂದು ಗಿಡದಿಂದ ಕಡ್ಡಿ, ಆ ಕಡ್ಡಿಯಿಂದ ಮತ್ತೆ ಕಡ್ಡಿ. ಹಾಗಾಗಿ ಊರ ತುಂಬ ಇರುವ ಒಂದು ತಳಿಯ ಬಣ್ಣದೆಲೆ ಗಿಡಗಳೆಲ್ಲ ಒಂದೇ ಗಿಡದ ತುಂಡುಗಳು ಎಂದರೂ ಸರಿಯೇ. ಇಂಗ್ಲೆಂಡಿನಲ್ಲಿ ಇದು ತಮಾಷೆಯೆನಿಸುವಷ್ಟು ದೂರ ಹೋಯಿತು. ಹಳದಿ ಚುಕ್ಕೆಯ ಎಲೆಯ ಅಕೂಬಾ ಎಂಬ ಜಪಾನಿನ ಪೊದೆ 1783ರಲ್ಲಿ ಅಲ್ಲಿಗೆ ಬಂತು. ಮಸಿ, ಹೊಗೆ, ನೆರಳು ಯಾವುದಕ್ಕೂ ಜಗ್ಗದ ಗುಣದಿಂದಾಗಿ ಊರುಗಳ ಮನೆಮನೆಯ ಬೇಲಿಗೆ ಹಬ್ಬಿತು. ಆದರೆ ಎಂಬತ್ತು ವರ್ಷ ಯಾರೂ ಅದರ ಕೆಂಪು ಹಣ್ಣು ಕಂಡಿರಲಿಲ್ಲ. ಅಕೂಬಾದಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಮೊದಲು ಬಂದದ್ದು ಹೆಣ್ಣು ಗಿಡ, ಉಳಿದ ಲಕ್ಷಾಂತರ ಗಿಡಗಳೆಲ್ಲ ಅದರ ಕಡ್ಡಿಗಳು. ಚೀನಾದ ಚಹಾ ಗಿಡಗಳನ್ನು ನಮ್ಮ ಹಿಮಾಲಯದ ತಪ್ಪಲಿಗೆ ತಂದ ರಾಬರ್ಟ್ ಫಾರ್ಚೂನ್ 1860ರ ದಶಕದ ಆರಂಭದಲ್ಲಿ ಜಪಾನಿನಿಂದ ಗಂಡು ಗಿಡವನ್ನು ಕಳುಹಿಸಿಕೊಟ್ಟ ಮೇಲೆ, 1864ರಲ್ಲಿ ಹಣ್ಣು ತುಂಬಿದ ಅಕೂಬಾವನ್ನು ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ ಪ್ರದರ್ಶನಕ್ಕಿಟ್ಟರು.

ಇನ್ನು ಬೇಲಿ ಹಸಿರಾಗುವ ಸಂಗತಿ. ಪದರಗಳ ನಡುವಿನ ಗೆರೆ ಗಟ್ಟಿಯಾದುದಲ್ಲ. ಒಳಪದರದ ಹಸಿರು ಕೋಶವೊಂದು ಆಗೀಗ ಹೊರಪದರಕ್ಕೆ ನುಸುಳುತ್ತದೆ. ಅದು ಮೊಗ್ಗಿನ ತುದಿಯಲ್ಲಿ ನೆಲೆಯೂರಿದರೆ ಅಲ್ಲಿಂದ ಮುಂದಿನ ಕೊಂಬೆಯೆಲ್ಲ ಅಪ್ಪಟ ಹಸಿರು. ಅದರ ಎಲೆ ದೊಡ್ಡದು, ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚು, ಪೂರ್ತಿ ಎಲೆ ಅನ್ನ ಮಾಡುವುದರಿಂದ ಬೆಳವಣಿಗೆಯೂ ಜೋರು. ಈ ಹಂತದಲ್ಲಿ ಅದನ್ನು ಗುರುತಿಸುವುದು ಸುಲಭ, ಮಟ್ಟಸವಾದ ಬೇಲಿಯಿಂದ ಗೇಣುದ್ದ ಮೇಲೆ ಎದ್ದು ನಿಂತಿರುತ್ತದೆ. ತಿಂಗಳಿಗೊಮ್ಮೆ ಬರುವ ಮಾಲಿ ಉದ್ದನೆಯ ಹೆಡ್ಜ್ ಕತ್ತರಿ ಹಿಡಿದು ಬೇಲಿಯ ತಲೆಯನ್ನು ಒಂದೇ ಮಟ್ಟಕ್ಕೆ ‘ಕಟಿಂಗ್ ಹೊಡೆದು’ ಹೋಗುತ್ತಾನೆ. ಹಸಿರು ಚಿಗುರಿನ ತುದಿಯೂ ಹೋಯಿತು, ಕೆಲಸ ಮುಗಿಯಿತು ಎನಿಸುತ್ತದೆ. ನಿಜವಾಗಿ ಆಗುವುದೇ ಬೇರೆ. ತುದಿ ಕಳೆದುಕೊಂಡ ಹಸಿರು ಕೊಂಬೆ ಕೆಳಗಿನ ಗೆಣ್ಣುಗಳಿಂದ ಮೂರು ನಾಲ್ಕು ಕವಲೊಡೆಯುತ್ತದೆ, ಎಲ್ಲವೂ ಹಸಿರು. ಮುಂದಿನ ತಿಂಗಳ ಕತ್ತರಿಗೆ ಆ ನಾಲ್ಕು ಹತ್ತಾಗುತ್ತವೆ. ಅವುಗಳ ನೆರಳಿಗೆ ಸಿಕ್ಕ ಬಣ್ಣದ ಚಿಗುರುಗಳು ಮೊದಲೇ ಸೊರಗಿದವು, ಇನ್ನಷ್ಟು ಸೊರಗಿ ಒಣಗುತ್ತವೆ. ಕತ್ತರಿಯಿಂದ ಬೇಲಿಯ ಆಕಾರ ಉಳಿಯುತ್ತದೆ, ಬಣ್ಣ ಮಾತ್ರ ಸಾಲು ಸಾಲಾಗಿ ಹೋಗುತ್ತದೆ.

ಆದ್ದರಿಂದ ಕ್ರಮ ಬದಲಾಗಬೇಕು. ದೊಡ್ಡ ಕತ್ತರಿ ಕೈಗೆತ್ತಿಕೊಳ್ಳುವ ಮೊದಲು ಸಣ್ಣ ಸಿಕೇಟರ್ ಹಿಡಿದು ಬೇಲಿಯ ಉದ್ದಕ್ಕೂ ಒಮ್ಮೆ ನಡೆಯಬೇಕು. ಹಸಿರು ಚಿಗುರು ಕಂಡಲ್ಲಿ ಬೆರಳಿನಿಂದ ಅದರ ಜಾಡು ಹಿಡಿದು ಕೆಳಗಿಳಿಯಿರಿ. ಒಂದು ಹಂತದಲ್ಲಿ ಎರಡು ಬಣ್ಣದ ಕೊನೆಯ ಎಲೆ ಸಿಗುತ್ತದೆ. ಹಸಿರು ಕೊಂಬೆ ಹೊರಟ ಆ ಸಂದಿಗೆ ಅಂಟಿಕೊಂಡಂತೆ, ಮೋಟು ಉಳಿಯದ ಹಾಗೆ ಕತ್ತರಿಸಬೇಕು. ಅರ್ಧ ಇಂಚು ಮೋಟು ಉಳಿದರೂ ಅದರ ಗೆಣ್ಣಿನಿಂದ ಮತ್ತೆ ಹಸಿರೇ ಹುಟ್ಟುತ್ತದೆ. ಅಪರೂಪಕ್ಕೆ ಪೂರ್ತಿ ಬಿಳಿಯ ಚಿಗುರೂ ಬರುತ್ತದೆ. ಎಳೆ ಬಿಳಿಯೆಲೆ ಎಷ್ಟೇ ಮುದ್ದಾಗಿ ಕಂಡರೂ ಅದು ಉಳಿದ ಗಿಡದ ಅನ್ನ ತಿಂದು ಬದುಕುವಂಥದು, ಬಿಸಿಲು ಬಿದ್ದ ದಿನ ಮೊದಲು ಸುಡುವುದೂ ಅದೇ. ಒಂದೆರಡು ಬಿಟ್ಟು ಉಳಿದದ್ದನ್ನು ತೆಗೆದರೆ ಒಳ್ಳೆಯದು. ಮಳೆ ಹಿಡಿದ ಮೇಲೆ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ, ಚಿಗುರಿನ ಭರಾಟೆ ಹೆಚ್ಚಿರುವಾಗ ಈ ಕೆಲಸ ಹದಿನೈದು ದಿನಕ್ಕೊಮ್ಮೆ ಬೇಕು. ಚಳಿಯಲ್ಲಿ ಒಂದೆರಡು ತಿಂಗಳು ಬಿಟ್ಟರೂ ನಡೆಯುತ್ತದೆ. ಹತ್ತಡಿ ಬೇಲಿಗೆ ಇದು ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ. ನೂರಡಿಯ ಬೇಲಿ ಹಾಕಿಕೊಂಡವರು ಅಷ್ಟು ಹೊತ್ತು ಕೊಡಬಲ್ಲೆವೇ ಎಂದು ಮೊದಲೇ ಯೋಚಿಸಬೇಕು. ನನ್ನನ್ನು ಕೇಳಿದರೆ, ಮನೆ ಸುತ್ತ ನಾಲ್ಕು ದಿಕ್ಕಿಗೂ ಬಣ್ಣದೆಲೆ ಹಾಕುವುದು ಬೇಡವೇ ಬೇಡ. ಗೇಟಿನ ಇಕ್ಕೆಲ, ಮಂಕಾದ ಗೋಡೆಯೊಂದರ ಮುಂದೆ, ದಟ್ಟ ಹಸಿರಿನ ಮರಗಳ ಅಡಿಯಲ್ಲಿ, ಹೀಗೆ ಬೆಳಕು ಬೇಕೆನಿಸುವ ಜಾಗಕ್ಕಷ್ಟೇ ಅದು. ಉಳಿದ ಸಾಲಿಗೆ ಹಸಿರು ಗಿಡವೇ ಇರಲಿ.

ಬೇಲಿ ಮುದಿಯಾಯಿತೆಂದು ಬುಡದವರೆಗೆ ಕಡಿದು ಹೊಸದಾಗಿ ಚಿಗುರಿಸುವ ರೂಢಿ ನಮ್ಮಲ್ಲಿದೆ. ಹಸಿರು ಗಿಡಕ್ಕೆ ಅದು ಒಗ್ಗುತ್ತದೆ. ಬಿಳಿ ಅಂಚಿನ ಗಿಡದಲ್ಲಿ ಹಳೆಯ ಕಟ್ಟಿಗೆಯ ಒಳಭಾಗದಿಂದಲೋ ಬೇರಿನಿಂದಲೋ ಹೊಸದಾಗಿ ಮೊಳೆಯುವ ಚಿಗುರು ಒಳಪದರದಿಂದಲೇ ಹುಟ್ಟಿ ಬರೀ ಹಸಿರಾಗುವ ಸಾಧ್ಯತೆ ಹೆಚ್ಚು. ಎತ್ತರ ಇಳಿಸಲೇಬೇಕಿದ್ದರೆ ಮೂರು ವರ್ಷಕ್ಕೆ ಹಂಚಿ, ವರ್ಷಕ್ಕೆ ಮೂರನೇ ಒಂದು ಪಾಲು ಹಳೆಯ ಕೊಂಬೆಗಳನ್ನು ತೆಗೆಯುತ್ತ ಬನ್ನಿ.

ಬುಡ ಬೋಳಾಗುವುದಕ್ಕೆ ಕಾರಣ ಕತ್ತರಿಸುವ ಕೋನ. ನೇರ ಗೋಡೆಯಂತೆ ಕತ್ತರಿಸಿದ ಬೇಲಿ ಕ್ರಮೇಣ ಮೇಲೆ ಹರವಿಕೊಂಡು ಕೆಳಗಿನ ಎಲೆಗೆ ಬೆಳಕು ತಪ್ಪಿಸುತ್ತದೆ. ಪತ್ರಹರಿತ್ತು ಮೊದಲೇ ಕಡಿಮೆಯಿರುವ ಎಲೆ ಇಂಥ ದಟ್ಟ ನೆರಳಿನಲ್ಲಿ ಬಾಳುವುದಿಲ್ಲ, ಉದುರುತ್ತದೆ. ಬುಡ ಅಗಲ, ತಲೆ ಕಿರಿದು ಇರುವಂತೆ ಕತ್ತರಿಸಬೇಕು. ನಾಲ್ಕಡಿ ಎತ್ತರದ ಬೇಲಿಗೆ ತಲೆಗಿಂತ ಬುಡ ಏಳೆಂಟು ಇಂಚು ಹೆಚ್ಚು ಅಗಲವಿದ್ದರೆ ಸಾಕು, ಕಣ್ಣಿಗೆ ಇಳಿಜಾರು ಕಾಣಿಸುವುದೂ ಇಲ್ಲ.

ಇನ್ನು ಯಾವ ಗಿಡ? ನಮ್ಮ ರಸ್ತೆ ವಿಭಜಕಗಳಲ್ಲಿ ಮೈಲುಗಟ್ಟಲೆ ಕಾಣುವ ಹೊಂಬಣ್ಣದ ಡುರಾಂಟಾ ಎಲ್ಲಕ್ಕಿಂತ ಸುಲಭ. ಮೂಲ ಅಮೆರಿಕದ ಉಷ್ಣವಲಯ. ಚುಚ್ಚಿದ ಕಡ್ಡಿ ಚಿಗುರುತ್ತದೆ, ಬೆಳೆಯುವುದೂ ಬೇಗ. ಆದರೆ ಅದರ ಹೊಂಬಣ್ಣ ಇರುವುದು ಬಿಸಿಲು ಕಂಡ ಎಳೆ ಎಲೆಗಳಲ್ಲಿ ಮಾತ್ರ. ಬೇಲಿಯ ಒಳಗೆ ಕೈ ಹಾಕಿ ನೆರಳಿನ ಎಲೆ ಹೊರತೆಗೆದರೆ ಸಾಧಾರಣ ಹಸಿರೇ. ಕತ್ತರಿಸದೆ ಬಿಟ್ಟರೆ ಹೊರಮೈಯೂ ಹಸಿರಾಗುತ್ತದೆ. ಅದಕ್ಕೆ ಪದೇ ಪದೇ ಕತ್ತರಿ ಬೇಕೇ ಬೇಕು. ಕೆನೆ ಅಂಚಿನ ಇನ್ನೊಂದು ಡುರಾಂಟಾ ಇದೆ, ನೀಲಿ ಹೂ ಬಿಟ್ಟಾಗ ಬಹಳ ಸೊಗಸು. ಹಸಿರಿಗೆ ಮರಳುವ ಚಾಳಿ ಇರುವುದರಿಂದ ಮೇಲೆ ಹೇಳಿದ ಸಿಕೇಟರ್ ನಡಿಗೆ ಇದಕ್ಕೆ ಕಡ್ಡಾಯ. ಡುರಾಂಟಾದ ಹಳದಿ ಕಾಯಿ ವಿಷ. ಪುಟ್ಟ ಮಕ್ಕಳು, ನಾಯಿ ಇರುವ ಮನೆಯಲ್ಲಿ ಕಾಯಿ ಕಟ್ಟಲು ಬಿಡಬಾರದು.

ಕ್ರೋಟನ್‌ನ ಸ್ವಭಾವವೇ ಬೇರೆ. ಅದರ ಹಳದಿ, ಕೆಂಪು, ಕಿತ್ತಳೆ ಚಿತ್ತಾರ ಬಹುಪಾಲು ತಳಿಯ ಗುಣವಾಗಿಯೇ ಬಂದದ್ದು, ಪದರದ ಆಕಸ್ಮಿಕವಲ್ಲ. ಹಾಗಾಗಿ ಹಸಿರಿಗೆ ಮರಳುವ ಕಾಟ ಕಡಿಮೆ. ಬಿಸಿಲು ಸಾಲದಿದ್ದರೆ ಮಾತ್ರ ಇಡೀ ಗಿಡ ಮಂಕು ಹಸಿರಾಗುತ್ತದೆ. ಇಂಡೋನೇಷ್ಯಾದ ಮಲುಕು ದ್ವೀಪಗಳಿಂದ ಪೆಸಿಫಿಕ್ ದ್ವೀಪಗಳವರೆಗೆ ಇದರ ತವರು. ಬೆಚ್ಚಗೆ, ತೇವವಾಗಿ ಇರುವ ಕಡೆ ಇದು ಹಿಗ್ಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಅಂಗಳಗಳಲ್ಲಿ ಕ್ರೋಟನ್ ಸಾಲಿಗೆ ಬರುವ ಬಣ್ಣ ಬಯಲುಸೀಮೆಯಲ್ಲಿ ಬರುವುದು ಕಷ್ಟ. ಇದರ ಎಲೆ ದೊಡ್ಡದು. ಹೆಡ್ಜ್ ಕತ್ತರಿ ಆಡಿಸಿದರೆ ಎಲೆಗಳು ಅರ್ಧರ್ಧ ತುಂಡಾಗಿ, ಕತ್ತರಿಸಿದ ಅಂಚು ಎರಡು ದಿನದಲ್ಲಿ ಕಂದುಗಟ್ಟಿ ಬೇಲಿಯೇ ಕಾಯಿಲೆ ಬಿದ್ದಂತೆ ಕಾಣುತ್ತದೆ. ಒಂದೊಂದೇ ಕೊಂಬೆಯನ್ನು ಸಿಕೇಟರ್‌ನಲ್ಲಿ ಗೆಣ್ಣಿನ ಮೇಲೆ ಕತ್ತರಿಸಬೇಕು. ಒಸರುವ ಹಾಲು ಬಟ್ಟೆಗೆ ಬಿದ್ದರೆ ಕಲೆ ಹೋಗದು, ಕೆಲವರಿಗೆ ಚರ್ಮ ಕೆರೆಯುತ್ತದೆ, ಕೈಗವಸು ಇರಲಿ. ಸಿಕೇಟರ್‌ನಲ್ಲೇ ಕತ್ತರಿಸಬೇಕೆಂಬ ಮಾತು ಅಕ್ಯಾಲಿಫಾಕ್ಕೂ ಸಲ್ಲುತ್ತದೆ. ಅದು ಕ್ರೋಟನ್‌ಗಿಂತ ಬೇಗ ಬೆಳೆಯುತ್ತದೆ, ಅಷ್ಟೇ ಬೇಗ ಕಾಲುದ್ದವಾಗಿ ಬುಡ ಬಿಟ್ಟುಕೊಡುತ್ತದೆ.

ಜಾಗ ಇಕ್ಕಟ್ಟಾಗಿದ್ದರೆ ಬಿಳಿ ಅಂಚಿನ ಅರೇಲಿಯಾ ನನ್ನ ಮೊದಲ ಆಯ್ಕೆ. ಕಾಂಪೌಂಡಿಗೂ ನಡೆಯುವ ದಾರಿಗೂ ನಡುವೆ ಒಂದಡಿ ಮಣ್ಣಿದ್ದರೂ ಅದು ಅಗಲಕ್ಕೆ ಹರಡದೆ ನೇರ ಮೇಲೆ ಹೋಗುತ್ತದೆ. ಮರದ ನೆರಳಿಗೆ ಹಳದಿ ಮಚ್ಚೆಯ ಶೆಫ್ಲೆರಾ. ಹಿಮ ಬಿದ್ದಂತೆ ಬೆಳ್ಳಗೆ ಕಾಣುವ ಬ್ರೇನಿಯಾವೂ ಬೇಲಿಗೆ ಚೆಂದವೇ, ಬೇರಿನಿಂದ ಅಲ್ಲಲ್ಲಿ ಮರಿ ಎಬ್ಬಿಸಿ ಹುಲ್ಲುಹಾಸಿಗೆ ನುಗ್ಗುತ್ತದೆ ಎಂಬುದು ನೆನಪಿರಲಿ. ಬಿಳಿ ಮಿಶ್ರಿತ ಫೈಕಸ್ ಅನ್ನು ಕಾಂಪೌಂಡಿನ ಪಕ್ಕಕ್ಕೆ ತರಲೇಬೇಡಿ. ಕುಂಡದಲ್ಲಿ ಅದು ಸಾಧು. ನೆಲಕ್ಕಿಳಿದರೆ ಆಲ, ಅರಳಿಯ ಕುಲದ್ದು. ಬೇರು ಸಂಪಿಗೂ ಚರಂಡಿಯ ಪೈಪಿಗೂ ದಾರಿ ಹುಡುಕುತ್ತದೆ.

ಕೆನೆ ಅಂಚಿನ ನಂದಿಬಟ್ಟಲನ್ನು ಬೇಲಿಗೆ ಯೋಚಿಸುವವರು ಕಡಿಮೆ. ನಮ್ಮ ದೇವರಪೂಜೆಗೆ ಹೂ ಕೊಡುವ ಗಿಡ, ನಮ್ಮ ಮಣ್ಣಿಗೆ ಹೊಂದಿಕೊಂಡದ್ದು, ಎಲೆ ಮಿರುಗುತ್ತದೆ, ಮೂರಡಿಯ ಬೇಲಿಗೆ ಹೇಳಿಮಾಡಿಸಿದ್ದು. ತಿಂಗಳಿಗೊಮ್ಮೆ ತಲೆ ಸವರಿದರೆ ಮೊಗ್ಗೆಲ್ಲ ಕತ್ತರಿಗೆ ಹೋಗುತ್ತದೆ. ವರ್ಷಕ್ಕೆ ಎರಡು ಮೂರು ಬಾರಿ ಹಗುರವಾಗಿ ಕತ್ತರಿಸಿ ಸ್ವಲ್ಪ ಒರಟು ಆಕಾರಕ್ಕೆ ಬಿಟ್ಟರೆ ಬಣ್ಣದ ಎಲೆಯೂ ಬಿಳಿ ಹೂವೂ ಒಟ್ಟಿಗೆ ಸಿಗುತ್ತವೆ. ಪೇಟೆಯ ಹೂ ಕೊಳ್ಳುವ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಬೇಲಿ ನನಗೆ ಕಾಣದು.

ಬಿಸಿಲಿನ ಲೆಕ್ಕ ಊರಿಂದ ಊರಿಗೆ ಬೇರೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ಬಿಳಿ ಅಂಚಿನ ಎಲೆ ನಿಲ್ಲುವುದಿಲ್ಲ. ಹಸಿರಿಲ್ಲದ ಭಾಗಕ್ಕೆ ಬಿಸಿಲನ್ನು ಬಳಸಿಕೊಳ್ಳುವ ದಾರಿಯೂ ಇಲ್ಲ, ತಡೆದುಕೊಳ್ಳುವ ಶಕ್ತಿಯೂ ಕಡಿಮೆ. ಅಲ್ಲಿ ಮನೆಯ ಮೂಡಣ ದಿಕ್ಕು ಅದಕ್ಕೆ ಸರಿ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನದ ಹೊತ್ತಿಗೆ ನೆರಳಾಗುತ್ತದೆ. ಪಡುವಣಕ್ಕೆ ಹೊಂಬಣ್ಣದ ಡುರಾಂಟಾ ಇರಲಿ. ಬೆಂಗಳೂರು, ಮೈಸೂರು, ಹಾಸನದ ಹವೆಗೆ ಹೆಚ್ಚಿನವು ಬಯಲಿನಲ್ಲೂ ಬರುತ್ತವೆ. ಎಲ್ಲೇ ಆಗಲಿ, ಮಾರ್ಚ್‌ನಿಂದ ಮೇವರೆಗೆ ಜೋರಾಗಿ ಕತ್ತರಿಸಬಾರದು. ಒಳಗೆ ನೆರಳಿನಲ್ಲಿದ್ದ ಎಲೆ ಒಮ್ಮೆಲೇ ಬಿಸಿಲಿಗೆ ಬಿದ್ದು ಒಂದೇ ವಾರದಲ್ಲಿ ಸುಟ್ಟು ಹೋಗುತ್ತದೆ.

ನೆಡಲು ಮುಂಗಾರಿನ ಮೊದಲ ಹದಮಳೆ ಆದ ಮೇಲಿನ ಜೂನ್–ಜುಲೈ ತಿಂಗಳು. ಒಂದೊಂದು ಗಿಡಕ್ಕೂ ಗುಂಡಿ ತೋಡುವ ಬದಲು ಬೇಲಿಯ ಉದ್ದಕ್ಕೂ ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಕಾಲುವೆ ತೆಗೆದು, ಮೇಲ್ಮಣ್ಣಿಗೆ ಕಳಿತ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಹೊಂಗೆ ಹಿಂಡಿ ಬೆರೆಸಿ ತುಂಬಿದರೆ ಬೇರು ಎರಡೂ ಕಡೆ ಸಲೀಸಾಗಿ ಓಡುತ್ತದೆ. ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿ ಮಿಕ್ಕ ಸಿಮೆಂಟು, ಇಟ್ಟಿಗೆ ಚೂರುಗಳೇ ಅಂಗಳದ ಮಣ್ಣಾಗಿರುತ್ತವೆ; ಅದನ್ನು ತೆಗೆಸಿ ಬೇರೆ ಮಣ್ಣು ಹಾಕಿಸದೆ ಬೇಲಿ ಮಾತು ಎತ್ತಬೇಡಿ. ಸುಣ್ಣದಂಶ ಹೆಚ್ಚಾದ ಮಣ್ಣಿನಲ್ಲಿ ಗಿಡಕ್ಕೆ ಕಬ್ಬಿಣ ಸಿಗದೆ ಎಲೆ ತಾನಾಗಿ ಹಳದಿಯಾಗುತ್ತದೆ. ಬಣ್ಣದೆಲೆ ಗಿಡದಲ್ಲಿ ಆ ಕಾಯಿಲೆಯ ಹಳದಿಯನ್ನು ಗುರುತಿಸುವುದೂ ಕಷ್ಟ. ಮೊಣಕಾಲೆತ್ತರದ ಬೇಲಿಗೆ ಗಿಡದಿಂದ ಗಿಡಕ್ಕೆ ಒಂದಡಿ, ಎದೆಮಟ್ಟದ ಬೇಲಿಗೆ ಒಂದೂವರೆಯಿಂದ ಎರಡಡಿ ಅಂತರ. ದಟ್ಟವಾಗಿ ಬೇಕಿದ್ದರೆ ಎರಡು ಸಾಲು ಮಾಡಿ, ಹಿಂದಿನ ಸಾಲಿನ ಗಿಡ ಮುಂದಿನ ಸಾಲಿನ ಸಂದಿಗೆ ಬರುವಂತೆ ನೆಡಬೇಕು. ಗಿಡ ಬೇರುಬಿಟ್ಟು ಹೊಸ ಚಿಗುರು ಕಂಡೊಡನೆ ಗೇಣೆತ್ತರಕ್ಕೆ ತುದಿ ಮುರಿಯಿರಿ. ಬೇಗ ಎತ್ತರವಾಗಲಿ ಎಂದು ಇದಕ್ಕೆ ಮನಸ್ಸು ಬಾರದವರೇ ಬಹಳ. ಆಗ ಬುಡದಲ್ಲಿ ಕವಲೊಡೆಯದ ಗಿಡ ಆಮೇಲೆ ಎಷ್ಟು ಕತ್ತರಿಸಿದರೂ ಅಲ್ಲಿ ತುಂಬಿಕೊಳ್ಳುವುದಿಲ್ಲ. ಸಾರಜನಕದ ಗೊಬ್ಬರ ಸುರಿದರೆ ಹಸಿರು ಚಿಗುರಿನ ಕಾಟವೇ ಹೆಚ್ಚುತ್ತದೆ, ವರ್ಷಕ್ಕೆ ಎರಡು ಸಲ ಕೊಟ್ಟಿಗೆ ಗೊಬ್ಬರ ಸಾಕು.

ನೀರಿನ ವಿಷಯ ಹೇಳದೆ ಬಿಡುವಂತಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವಂತಿಲ್ಲ ಎಂದು ಆದೇಶಿಸಿ, ಮೀರಿದರೆ 5,000 ರೂಪಾಯಿ ದಂಡ ಎಂದಿತು. ಅಂಥ ಬೇಸಿಗೆ ಮತ್ತೆ ಬರುತ್ತದೆ ಎಂದುಕೊಂಡೇ ಬೇಲಿ ಹಾಕಬೇಕು. ಬುಡಕ್ಕೆ ಮೂರ್ನಾಲ್ಕು ಇಂಚು ತರಗೆಲೆಯ ಹೊದಿಕೆ, ಅಕ್ಕಿ–ತರಕಾರಿ ತೊಳೆದ ನೀರು, ವಾರಕ್ಕೊಮ್ಮೆ ಬುಡ ನೆನೆಯುವಷ್ಟು ಕೊಟ್ಟರೆ ನೆಲಕ್ಕೆ ಹಿಡಿದ ಡುರಾಂಟಾ, ಶೆಫ್ಲೆರಾ ಬೇಸಿಗೆ ದಾಟುತ್ತವೆ. ದಿನಾ ಸಂಜೆ ಪೈಪು ಹಿಡಿದು ಎಲೆಯಷ್ಟೇ ತೋಯಿಸುವುದರಿಂದ ಬೇರು ಮೇಲೆಯೇ ಉಳಿದು ಗಿಡ ಸೋಮಾರಿಯಾಗುತ್ತದೆ. ಒಣಹವೆಯಲ್ಲಿ ಹಿಟ್ಟು ತಿಗಣೆ ಬರುತ್ತದೆ, ಮೊದಲು ಕ್ರೋಟನ್‌ಗೆ. ಇರುವೆ ಸಾಲು ಹತ್ತುತ್ತಿದ್ದರೆ ಎಲೆಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಇದ್ದೇ ಇರುತ್ತದೆ. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸಾಬೂನು ಬೆರೆಸಿ ಹೊತ್ತಿಳಿದ ಮೇಲೆ ಸಿಂಪಡಿಸಿ. ಮಧ್ಯಾಹ್ನ ಸಿಂಪಡಿಸಿದರೆ ಬಿಳಿ ಭಾಗ ಸುಡುತ್ತದೆ.

ತೋಟದ ಹೊರಗಿನ ಒಂದು ಚಿಂತೆಯೂ ನನಗಿದೆ. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಹುಲ್ಲು ಹುಟ್ಟದಂತೆ ಆವರಿಸಿರುವ ಲಂಟಾನ 19ನೇ ಶತಮಾನದ ಆರಂಭದಲ್ಲಿ ಈ ದೇಶಕ್ಕೆ ಬಂದದ್ದು ಅಂದದ ಗಿಡವಾಗಿ, ಬೇಲಿಯ ಗಿಡವಾಗಿ. ಬಣ್ಣಬಣ್ಣದ ಹೂ ನೋಡಿ ತರಿಸಿಕೊಂಡರು, ಹಣ್ಣು ತಿಂದ ಹಕ್ಕಿ ಅದನ್ನು ಕಾಡಿಗೆ ಒಯ್ದಿತು. ಡುರಾಂಟಾ ಅದೇ ಕುಟುಂಬದ್ದು, ಅದೇ ಅಮೆರಿಕದ್ದು, ಅದರ ಕಾಯನ್ನೂ ಹಕ್ಕಿ ತಿನ್ನುತ್ತದೆ. ಆಸ್ಟ್ರೇಲಿಯಾದ ಕೆಲವೆಡೆ ಅದನ್ನು ಈಗಾಗಲೇ ಕಳೆಯೆಂದು ಎಣಿಸಿದ್ದಾರೆ. ನಗರದ ನಡುವೆ, ಕಾಯಿ ಕಟ್ಟದಂತೆ ಕತ್ತರಿಸುವ ಬೇಲಿಯಿಂದ ಅಪಾಯವಿಲ್ಲ. ಕಾಡಂಚಿನ ರೆಸಾರ್ಟು, ತೋಟದ ಮನೆಗಳಲ್ಲಿ ನೆಟ್ಟು ಮರೆತುಬಿಡುವ ಡುರಾಂಟಾ ಸಾಲುಗಳನ್ನು ಕಂಡಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕೊಡಗು, ಚಿಕ್ಕಮಗಳೂರು, ಚಾಮರಾಜನಗರದ ಕಾಡಿಗೆ ತಾಗಿದ ಜಮೀನಿನವರು ದಯವಿಟ್ಟು ಅದನ್ನು ನೆಡಬೇಡಿ. ಅಲ್ಲಿಗೆ ನಂದಿಬಟ್ಟಲು, ಅರೇಲಿಯಾ ಧಾರಾಳ ಸಾಕು.

ಕಡೆಯದಾಗಿ ಕಡ್ಡಿಯ ಮಾತು. ಬೇಲಿಯಲ್ಲಿ ಒಂದೆರಡು ಗಿಡ ಎಂದಾದರೂ ಸಾಯುತ್ತದೆ, ಸಂದು ಬೀಳುತ್ತದೆ. ಆಗ ನರ್ಸರಿಗೆ ಓಡಿ ಅದೇ ಹೆಸರಿನ ಗಿಡ ತಂದರೂ ಬಿಳಿಯ ಪ್ರಮಾಣ, ಎಲೆಯ ಅಗಲ ಹೊಂದದೆ ತೇಪೆಯಂತೆ ಎದ್ದು ಕಾಣುತ್ತದೆ. ಬೇಲಿ ನೆಟ್ಟ ಎರಡನೆಯ ಮಳೆಗಾಲದಲ್ಲೇ ಅದೇ ಬೇಲಿಯಿಂದ ಪೆನ್ಸಿಲ್ ದಪ್ಪದ, ಆರೇಳು ಇಂಚಿನ ಕಡ್ಡಿಗಳನ್ನು ಕತ್ತರಿಸಿ, ಮರಳು ಬೆರೆಸಿದ ಮಣ್ಣಿನ ಚೀಲದಲ್ಲಿ ನೆರಳಿಗಿಟ್ಟು ಬೇರು ಬರಿಸಿಕೊಳ್ಳಿ. ಕಡ್ಡಿ ಆರಿಸುವಾಗ ಅತಿ ಬಿಳಿಯದು ಬೇಡ, ಅದು ಬೇರು ಬಿಡುವ ಮೊದಲೇ ಸೋಲುತ್ತದೆ. ಹಸಿರು ಹೆಚ್ಚಿರುವುದೂ ಬೇಡ. ಪ್ರತಿ ಎಲೆಯಲ್ಲೂ ಎರಡು ಬಣ್ಣ ಹದವಾಗಿ ಬೆರೆತ ಕೊಂಬೆಯೇ ಆಗಬೇಕು. ಇಪ್ಪತ್ತು ಗಿಡದ ಬೇಲಿಗೆ ಮೂರು ನಾಲ್ಕು ಕುಂಡ ಹೆಚ್ಚಿಗೆ ಇಟ್ಟುಕೊಂಡು, ಅವನ್ನೂ ಬೇಲಿಯ ಎತ್ತರಕ್ಕೇ ಕತ್ತರಿಸುತ್ತ ಬನ್ನಿ. ಸಂದು ಬಿದ್ದ ವಾರವೇ ಕುಂಡದಿಂದ ತೆಗೆದು ನೆಡಬಹುದು.